ಇಪ್ಪತ್ತನೆಯ ಫಾರಂ

ಮೊದಲನೆಯ ಸಲ ಬಸಿರು ಹೋದಾಗ ಸೊಸೆ ಬಂಡಲ್ ಎತ್ತುವುದು ನಿಂತಿತು. ಎರಡನೆಯ ಸಲ ಹೋದಾಗ ಪುಸ್ತಕ ಹೊಲಿಯಲು ಬಗ್ಗಿ ಕೂರುವುದು ನಿಂತಿತು. ಮೂರನೆಯ ಸಲಕ್ಕೆ ಮೆಟ್ಟಿಲು ಇಳಿಯುವುದೇ ನಿಂತಿತು. ಕೆಳಗೆ ಬೈಂಡಿಂಗ್ ಅಂಗಡಿ, ಮೇಲೆ ಮನೆ, ನಡುವೆ ಹದಿನೇಳು ಮೆಟ್ಟಿಲು. ಅಲ್ಲಿಂದೀಚೆಗೆ ಅವಳು ಮೇಲಿನ ಕಿಟಕಿಯ ಪಕ್ಕ ಕೂತು ಲೇಬಲ್ ಅಂಟಿಸುತ್ತಿದ್ದಳು.

ಈ ಕಾನೂನುಗಳನ್ನೆಲ್ಲ ಮಾಡಿದವರು ಅತ್ತೆ. ಒಂದನ್ನೂ ಬೈದು ಮಾಡಿದ್ದಲ್ಲ. "ನಿನ್ನ ಒಳ್ಳೇದಕ್ಕೇ ಕಣಮ್ಮ" ಎಂದೇ ಮಾಡಿದ್ದು. ಆದರೆ ಪ್ರತಿಯೊಂದರ ಬೆನ್ನಿಗೂ ಒಂದು ತೀರ್ಪು ಅಂಟಿಕೊಂಡಿರುತ್ತಿತ್ತು. ಎತ್ತಿದೆ, ಅದಕ್ಕೇ ಹೋಯಿತು. ಬಗ್ಗಿದೆ, ಅದಕ್ಕೇ ಹೋಯಿತು.

ಅಚ್ಚಿನ ಮನೆಯವರೂ ಕಾಗದದ ವ್ಯಾಪಾರಿಗಳೂ ಅತ್ತೆಯನ್ನು ಕರೆಯುತ್ತಿದ್ದುದು ಫಾರಮ್ಮ ಎಂದು. ಹದಿನಾರು ಪುಟದ ಒಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಉದ್ದದ ಮೇಜಿನ ಮೇಲೆ ಫಾರಂಗಳನ್ನು ಸಾಲಾಗಿ ಗುಡ್ಡೆ ಹಾಕಿರುತ್ತಾರೆ; ಸುತ್ತು ಹೊಡೆಯುತ್ತ ಗುಡ್ಡೆಗೆ ಒಂದರಂತೆ ಎತ್ತಿಕೊಂಡರೆ ಸುತ್ತಿಗೊಂದು ಪುಸ್ತಕ. ಮೂವತ್ತೈದು ವರ್ಷದಿಂದ ಫಾರಮ್ಮ ಆ ಮೇಜು ಸುತ್ತುತ್ತಿದ್ದರು. ಗಂಡ ಹೋದ ಮೇಲೆ ಕಾಗದ ಕತ್ತರಿಸುವ ಕಟರ್ ಮೆಷಿನ್ ಮಗನ ಕೈಗೆ ಬಂತು. ಮೇಜು ಮಾತ್ರ ಯಾರ ಕೈಗೂ ಹೋಗಲಿಲ್ಲ. "ನನ್ನ ಕೈಯಲ್ಲಿ ಒಂದು ಪುಟ ತಪ್ಪಿದ್ದಿಲ್ಲ" ಎಂದು ದಿನಕ್ಕೊಮ್ಮೆ ಹೇಳದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ.

ಮೂರನೆಯದರ ನಂತರ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಫಾರಮ್ಮನೂ ಜೊತೆಗೆ ಹೋದರು. ಸೊಸೆಗೆ ಡಾಕ್ಟರು ಏನು ಬೇಡ ಅನ್ನುತ್ತಾರೋ ಕಿವಿಯಾರೆ ಕೇಳಿಬಿಡೋಣ ಎಂದು.

ಡಾಕ್ಟರಮ್ಮ ಸೊಸೆಯ ಕಾಗದವನ್ನು ಪಕ್ಕಕ್ಕಿಟ್ಟರು. "ಇವರದ್ದು ಸರಿಯಾಗಿದೆ." ಮಗನ ಕಾಗದವನ್ನು ಮುಂದೆ ತಳ್ಳಿದರು. ನೂಲಿನ ತುಂಡುಗಳ ಹಾಗೆ ಕಾಣುವ ಕ್ರೋಮೋಸೋಮುಗಳನ್ನು ಅದರಲ್ಲಿ ಜೋಡಿ ಜೋಡಿಯಾಗಿ ನಿಲ್ಲಿಸಿದ್ದರು.

"ಇವರಲ್ಲಿ ಎರಡು ಕ್ರೋಮೋಸೋಮುಗಳ ತುದಿ ಅದಲು ಬದಲಾಗಿದೆ. ಏನೂ ಕಳೆದುಹೋಗಿಲ್ಲ, ಜಾಗ ಬದಲಾಗಿದೆ ಅಷ್ಟೆ. ಅದಕ್ಕೇ ಇವರಿಗೆ ಯಾವ ತೊಂದರೆಯೂ ಇಲ್ಲ. ಮಗುವಿಗೆ ಹೋಗೋದು ಅರ್ಧ ಮಾತ್ರ. ಬದಲಾದ ಎರಡೂ ಒಟ್ಟಿಗೆ ಹೋದರೆ ಸರಿ, ಎರಡೂ ಹೋಗದಿದ್ದರೂ ಸರಿ. ಒಂದೇ ಹೋದರೆ ಒಂದು ತುಂಡು ಜಾಸ್ತಿ, ಒಂದು ತುಂಡು ಕಮ್ಮಿ. ಅಂಥ ಬಸಿರು ಸರಿಯಾಗಿ ಬೆಳೆಯೋದಿಲ್ಲ. ಎರಡನೇ ಸಲ ಸ್ಕ್ಯಾನಿನಲ್ಲಿ ಬೆಳವಣಿಗೆ ಮೂರು ವಾರದಷ್ಟು ಹಿಂದೆ ಬಿದ್ದಿತ್ತಲ್ಲ, ಹಾಗೆ. ಸಾಮಾನ್ಯವಾಗಿ ನಡುವೆಯೇ ನಿಂತುಹೋಗುತ್ತೆ."

ಮಗ ತಲೆಯಾಡಿಸಿದ. ಅರ್ಥವಾಗದಿದ್ದಾಗ ಅವನು ತಲೆಯಾಡಿಸುವುದು ಜಾಸ್ತಿ.

"ಅಂದ್ರೆ ಎರಡು ಸಂಪುಟದ ಪುಸ್ತಕದಲ್ಲಿ ಇದರ ಫಾರಂ ಅದಕ್ಕೆ, ಅದರ ಫಾರಂ ಇದಕ್ಕೆ ಸೇರಿದ ಹಾಗೆ" ಎಂದರು ಫಾರಮ್ಮ. "ಸೆಟ್ ಪೂರ್ತಿ ತಗೊಂಡವನಿಗೆ ಎಲ್ಲಾ ಇರತ್ತೆ. ಒಂದೇ ಸಂಪುಟ ಒಯ್ದವನು ಕೆಟ್ಟ."

ಡಾಕ್ಟರಮ್ಮನ ಪೆನ್ನು ನಿಂತಿತು. "ಇಷ್ಟು ಚೆನ್ನಾಗಿ ನನಗೇ ಹೇಳೋಕೆ ಬಂದಿರಲಿಲ್ಲ."

"ಜೋಡಿಸಿದವರ ತಪ್ಪು."

"ಇಲ್ಲಿ ಜೋಡಿಸಿದವರು ಅಂತ ಯಾರೂ ಇಲ್ಲಮ್ಮ. ಭಾರ ಎತ್ತಿದ್ದು, ಬಗ್ಗಿದ್ದು, ಮೆಟ್ಟಿಲು ಇಳಿದಿದ್ದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಬಸಿರು ಕಟ್ಟೋ ಗಳಿಗೆಯಲ್ಲೇ ಆಗಿಹೋಗಿರುತ್ತೆ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಫ್ಯಾನ್ ನೋಡಿದರು.

ಮುಂದಿನ ಬಸಿರು ಸರಿಯಾಗಿಯೇ ಬೆಳೆಯಬಹುದು, ಮೂರನೆಯ ತಿಂಗಳಿನಲ್ಲೇ ಪರೀಕ್ಷೆ ಮಾಡಿ ತಿಳಿಯಬಹುದು ಎಂದರು ಡಾಕ್ಟರಮ್ಮ. ಕೊನೆಗೆ ಫಾರಮ್ಮನ ಕಡೆ ತಿರುಗಿದರು. "ಇದು ಇವರಿಗೆ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬಹುದು, ಹೊಸದಾಗಿಯೂ ಆಗಿರಬಹುದು. ನಿಮ್ಮದೂ ರಕ್ತ ಕೊಟ್ಟರೆ ಗೊತ್ತಾಗುತ್ತೆ. ನಿಮ್ಮಲ್ಲಿ ಇದ್ದರೆ ನಿಮ್ಮ ಮಗಳಿಗೂ, ತಂಗಿಯ ಮಕ್ಕಳಿಗೂ ಹೇಳಬೇಕಾಗುತ್ತೆ."

"ನನ್ನದೆಲ್ಲ ಸರಿಯಾಗೇ ಇದೆ. ಇದು ಇವನಪ್ಪನ ಕಡೇದು. ಆ ಮನೇಲಿ ಒಂದೂ ನೆಟ್ಟಗಿರಲಿಲ್ಲ."

ಸತ್ತವರ ಮೇಲೆ ಹಾಕಿದರೆ ಎದುರು ಮಾತಿರುವುದಿಲ್ಲ.

ಆ ಸಂಜೆ ಸೊಸೆ ಮೆಟ್ಟಿಲ ತಲೆಯಲ್ಲಿ ನಿಂತು ಕೇಳಿದಳು. "ಅತ್ತೆ, ನಂದು ಸರಿಯಾಗಿದೆ ಅಂದ್ರಲ್ಲ. ಇನ್ನು ಕೆಳಗೆ ಬರಲಾ?"

"ಅದು ಬೇರೆ, ಇದು ಬೇರೆ" ಎಂದರು ಫಾರಮ್ಮ, ತಲೆಯೆತ್ತದೆ.

ಸೊಸೆ ಕಿಟಕಿಯ ಪಕ್ಕಕ್ಕೆ ಮರಳಿದಳು. ಫಾರಮ್ಮನಿಗೂ ಎರಡು ಬಸಿರು ಹೋಗಿದ್ದವು, ಮಗ ಹುಟ್ಟಿದ ಮೇಲೆ, ಮಗಳು ಹುಟ್ಟುವ ಮೊದಲು. ಎರಡನೆಯದು ಹೋದಾಗ ಆಕೆಯ ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು: "ಬಂಡಲ್ ಎತ್ತಬೇಡ ಅಂದಿದ್ದೆ." ಎತ್ತಿದ್ದು ನಿಜ. ಬಂಡಲ್ ಎತ್ತುವವರು ಬೇರೆ ಯಾರೂ ಇರಲಿಲ್ಲ. ಆ ಮಾತನ್ನು ಫಾರಮ್ಮ ನಂಬಿ ಇಪ್ಪತ್ತೆಂಟು ವರ್ಷವಾಗಿತ್ತು. ನಂಬಿಕೆ ಹಳೆಯದಾದರೆ ಪುಸ್ತಕದ ಬೆನ್ನಿಗೆ ಬಿದ್ದ ಗೋಂದಿನ ಹಾಗೆ; ಕಿತ್ತರೆ ಕಾಗದವೂ ಜೊತೆಗೆ ಬರುತ್ತದೆ.

ಒಂದು ವಾರ ಕಳೆಯಿತು. ಕಟರ್‌ಗೆ ಎಣ್ಣೆ ಬಿಡುತ್ತ ಮಗ ಹೇಳಿದ, "ಹೋಗ್ಲಿ ಬಿಡಮ್ಮ. ಡಾಕ್ಟರ ಹತ್ರ ಅಪ್ಪನದ್ದೇ ಅಂತ ಬರೆಸಿಬಿಡೋಣ. ಯಾರು ಕೇಳ್ತಾರೆ?"

ಫಾರಮ್ಮನ ಕೈ ಗುಡ್ಡೆಯ ಮೇಲೆ ನಿಂತಿತು. ಒಳಗೆ ಬಿಚ್ಚಿ ನೋಡದ ಪುಸ್ತಕಕ್ಕೆ ಲೇಬಲ್ ಅಂಟಿಸುವುದು ಆಕೆಯ ಜನ್ಮಕ್ಕೇ ಆಗದ ಮಾತು.

"ನೋಡದೆ ಬರೆಸೋದು ಎಂಥದ್ದೋ? ನಾಳೆ ಹೋಗಿ ರಕ್ತ ಕೊಟ್ಟು ಬರ್ತೀನಿ."

ಮೂರು ವಾರಕ್ಕೆ ರಿಪೋರ್ಟ್ ಬಂತು. ಮಗನಲ್ಲಿದ್ದ ಅದಲು ಬದಲೇ ತಾಯಿಯಲ್ಲೂ ಇತ್ತು. ಡಾಕ್ಟರಮ್ಮ ಫೋನಿನಲ್ಲಿ ಇನ್ನೊಂದು ಮಾತು ಸೇರಿಸಿದರು: ರಕ್ತ ಕೊಡುವಾಗ ನೀವು ಹೇಳಿದ ನಿಮ್ಮ ಎರಡೂ ಬಸಿರು ಇದರಿಂದಲೇ ಹೋಗಿರಬೇಕು. ಫಾರಮ್ಮ "ಹೂಂ" ಎಂದು ಫೋನ್ ಇಟ್ಟರು. ಅಂಟಿನ ಪಾತ್ರೆಯ ಕೆಳಗಿನ ಒಲೆ ಆರಿಸಿದರು. ಮೇಜಿನ ಮೇಲೆ ಅರ್ಧ ಜೋಡಿಸಿದ ಪುಸ್ತಕವನ್ನು ಪೂರ್ತಿ ಮಾಡಿದರು.

"ಅವಳಿಗೆ ನಾನು ಹೇಳ್ತೀನಮ್ಮ" ಎಂದ ಮಗ.

"ಬೇಡ. ನೀನು ಅರ್ಧ ಹೇಳ್ತೀಯ."

ಒಳಕೋಣೆಯ ಟ್ರಂಕಿನ ತಳದಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿದ ಎರಡು ಸಂಪುಟಗಳಿದ್ದವು. ಒಂದೇ ನಿಘಂಟಿನವು. ಇಪ್ಪತ್ತೆಂಟು ವರ್ಷದ ಹಿಂದೆ, ತಮಗೆ ಎರಡನೆಯ ಸಲ ಬಸಿರು ಹೋದ ನಾಲ್ಕನೆಯ ದಿನಕ್ಕೇ ಆಕೆ ಮತ್ತೆ ಮೇಜು ಸುತ್ತಲು ನಿಂತಿದ್ದರು. ಆ ವಾರ ಎರಡು ಸಂಪುಟಗಳ ಜೋಡಣೆ ಒಟ್ಟಿಗೇ ನಡೆದಿತ್ತು. ಒಂದೇ ಒಂದು ಸೆಟ್ಟಿನಲ್ಲಿ ಇಪ್ಪತ್ತನೆಯ ಫಾರಂ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಸೇರಿತು. ಎರಡೂ ಇಪ್ಪತ್ತನೆಯದೇ ಆದ್ದರಿಂದ ಫಾರಂಗಳ ಸರದಿ ತೋರಿಸಲು ಬೆನ್ನಿನ ಮೇಲೆ ಮೆಟ್ಟಿಲಿನಂತೆ ಇಳಿಯುವ ಕಪ್ಪು ಗುರುತು ಎಲ್ಲೂ ತಪ್ಪಲಿಲ್ಲ. ಹೊರಗಿನಿಂದ ನೋಡಿದರೆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ರಟ್ಟು ಹಾಕಿದ ಮೇಲೆ ಆಕೆಗೇ ಕಂಡಿತು. ಒಂದು ಸೆಟ್ ಕಮ್ಮಿ ಬಂತಲ್ಲ ಎಂದು ಗಂಡ ಕೇಳಿದಾಗ ಇಲಿಯ ಮೇಲೆ ಹಾಕಿದ್ದರು. ಗಂಡ ಇಲಿಬೋನು ತಂದಿದ್ದ.

ಆ ಎರಡನ್ನೂ ಕಂಕುಳಲ್ಲಿ ಅವುಚಿಕೊಂಡು ಫಾರಮ್ಮ ಕಿಟಕಿಯ ಹತ್ತಿರ ಬಂದರು. ಸೊಸೆಯ ಮುಂದೆ ಇಟ್ಟರು.

"ಇಪ್ಪತ್ತನೇ ಫಾರಂ ತೆಗಿ."

ಸೊಸೆಗೂ ಕೆಲಸ ಗೊತ್ತು. ಹೆಬ್ಬೆರಳಿನಲ್ಲಿ ಸರಿಸಿ ಒಂದೇ ಸಲಕ್ಕೆ ತೆಗೆದಳು. "ಇಲ್ಲಿ ತಕಾರದ ನಡುವೆ ಸಕಾರ ಬಂದಿದೆ." ಎರಡನೆಯದನ್ನು ಬಿಚ್ಚಿದಳು. "ಇಲ್ಲಿ ಸಕಾರದ ನಡುವೆ ತಕಾರ. ಯಾರ ಘನಕಾರ್ಯ ಇದು?"

"ನಂದು."

ಸೊಸೆ ಅತ್ತೆಯನ್ನು ನೋಡಿದಳು, ಪುಸ್ತಕವನ್ನು ನೋಡಿದಳು. "ಒಂದು ಪುಟ ತಪ್ಪಿದ್ದಿಲ್ಲ ಅಂತಿದ್ರಿ."

"ಅಂತಿದ್ದೆ." ಫಾರಮ್ಮ ಕೂತರು. "ನನ್ನ ರಕ್ತದಲ್ಲೂ ಹೀಗೇ ಇದೆಯಂತೆ. ನನ್ನಿಂದ ಅವನಿಗೆ ಹೋಗಿದೆ. ನಿಂದೇನೂ ಇಲ್ಲ ಇದರಲ್ಲಿ."

"ಅದು ನನಗೆ ಒಂದು ತಿಂಗಳಿಂದ ಗೊತ್ತು ಅತ್ತೆ. ಡಾಕ್ಟರು ಹೇಳಿದ್ರು. ನೀವು ಹೇಳಿರಲಿಲ್ಲ."

"ಈಗ ಹೇಳಿದೆನಲ್ಲ."

"ಹೀಗಲ್ಲ. ಅವತ್ತು ಒಂದೊಂದೇ ಹೇಳಿದ್ರಲ್ಲ, ಹಾಗೆ."

ಸೊಸೆ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಫಾರಮ್ಮ ಕೇಳಿರಲಿಲ್ಲ. ಕೆಳಗೆ ಕಟರ್ ಒಮ್ಮೆ ಇಳಿದು ಎದ್ದಿತು.

"ನೀನು ಎತ್ತಿದ್ದಕ್ಕೆ ಹೋಗಿದ್ದಲ್ಲ" ಎಂದರು ಫಾರಮ್ಮ. "ಬಗ್ಗಿದ್ದಕ್ಕೆ ಹೋಗಿದ್ದಲ್ಲ. ಮೆಟ್ಟಿಲಿಳಿದಿದ್ದಕ್ಕೂ ಅಲ್ಲ."

ಸೊಸೆ ಎರಡೂ ಸಂಪುಟಗಳನ್ನು ಮುಚ್ಚಿ ಒಂದರ ಮೇಲೊಂದು ಇಟ್ಟಳು.

"ನಾನು ಎತ್ತಿದ್ದಕ್ಕೂ ಅಲ್ಲ."

ಅದನ್ನು ಫಾರಮ್ಮ ಸೊಸೆಯ ಕಡೆ ತಿರುಗಿ ಹೇಳಲಿಲ್ಲ. ಕಿಟಕಿಯ ಕಡೆ ತಿರುಗಿ ಹೇಳಿದರು.

ಸೊಸೆ ಲೇಬಲ್ಲುಗಳನ್ನು ಒಟ್ಟುಮಾಡಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಳು. ಅಂಟು ಹತ್ತಿದ ಬೆರಳುಗಳನ್ನು ಒರೆಸಿಕೊಂಡು ಎದ್ದಳು. ಇಬ್ಬರೂ ಮೆಟ್ಟಿಲಿಳಿದರು, ಸೊಸೆ ಮುಂದೆ, ಅತ್ತೆ ಗೋಡೆ ಹಿಡಿದುಕೊಂಡು ಹಿಂದೆ.

ಬಾಗಿಲ ಹತ್ತಿರ ಅಚ್ಚಿನ ಮನೆಯಿಂದ ಬಂದ ಬಂಡಲ್ ಹಾಗೇ ಬಿದ್ದಿತ್ತು. ಮಗ ಎದ್ದು ಬರಲು ಹೊರಟ. "ನೀನು ನಿನ್ನ ಕೆಲಸ ನೋಡು. ಸಂಜೆ ನಿನ್ನ ತಂಗಿಗೂ ಚಿಕ್ಕಮ್ಮನಿಗೂ ಫೋನ್ ಮಾಡಿ ಇದನ್ನ ಹೇಳಬೇಕು, ನಂಬರ್ ಒತ್ತಿಕೊಡು" ಎಂದು ಫಾರಮ್ಮ ಅವನನ್ನು ಕೂರಿಸಿದರು. ಬಂಡಲಿನ ಒಂದು ತುದಿಗೆ ತಾವು ನಿಂತರು.

"ಆ ಕಡೆ ಹಿಡಿಯಮ್ಮ."

ಸೊಸೆ ಹಗ್ಗದೊಳಗೆ ಬೆರಳು ತೂರಿಸಿದಳು.

"ಸೊಂಟ ಬಗ್ಗಿಸಬೇಡ. ಮಂಡಿ ಬಗ್ಗಿಸಿ ಎತ್ತು."

"ಇದು ಹೊಸ ಕಾನೂನಾ ಅತ್ತೆ?"

"ಇದು ಸೊಂಟದ ವಿಷಯ ಕಣೇ" ಎಂದರು ಫಾರಮ್ಮ. "ಎತ್ತು."