ರೊಟ್ಟಿ ಬಡಿಯುವವರ ಬಿಳಿ ಬಟ್ಟೆ

ಯುದ್ಧದ ಕಾಲ. ಗಂಗಾವತಿಯಲ್ಲಿ ಬಟ್ಟೆಗೂ ಕಂಟ್ರೋಲು ಬಂದಿತ್ತು. ಅದರ ಬೆನ್ನಿಗೇ ಕಾಲರಾ ಬಂತು. ಪೇಟೆಯಲ್ಲಿ ಖಾನಾವಳಿ ನಡೆಸುತ್ತಿದ್ದ ವಿರೂಪಾಕ್ಷಮ್ಮನಿಗೆ ದವಾಖಾನೆಯ ಡಾಕ್ಟರು ತಾಕೀತು ಮಾಡಿದ್ದರು: ಅಡುಗೆಯವರು ಸೀರೆಯ ಮೇಲೆ ಬಿಳಿ ಬಟ್ಟೆ ಕಟ್ಟಿಕೊಳ್ಳಬೇಕು, ದಿನಾ ಬೆಳಿಗ್ಗೆ ಅದನ್ನು ಬಿಚ್ಚಿ ಒಗೆದದ್ದು ಹಾಕಿಕೊಳ್ಳಬೇಕು. ಆಕೆ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ಅಂದು ಮಧ್ಯಾಹ್ನ ಗಾಡಿಯವರ ಪಂಕ್ತಿ ಕೂತಿತ್ತು. ರೊಟ್ಟಿ ಬಡಿಯುವ ಹುಲಿಗವ್ವ ಬಿಸಿ ರೊಟ್ಟಿಗಳನ್ನು ಬಿಳಿ ಬಟ್ಟೆಯ ಮಡಿಲಲ್ಲಿ ತುಂಬಿಕೊಂಡು ಬಂದು ಬಿದಿರಿನ ಪುಟ್ಟಿಗೆ ಹಾಕಿದಳು. ಮಡಿಲ ಬಟ್ಟೆಯ ಮೇಲೆ ಹಸಿ ಕಲೆ. ವಿರೂಪಾಕ್ಷಮ್ಮನ ಮೂಗಿಗೆ ಹುಳಿವಾಸನೆ ಹೊಡೆಯಿತು.

"ಏನಿದು?"

"ಬೆಳಿಗ್ಗೇನ ಬದಲಿಸೀನ್ರೀ ಅವ್ವಾರ."

"ಅದನ್ನ ಕೇಳಲಿಲ್ಲ ನಾ. ಎಲ್ಲಿಗೆ ಹೋಗಿದ್ದಿ?"

ಹುಲಿಗವ್ವ ತಲೆ ತಗ್ಗಿಸಿದಳು. "ಮಗಳಿಗೆ ವಾಂತಿ ಹತ್ತೈತ್ರಿ. ಮನಿಗೆ ಓಡಿ ಹೋಗಿ ತೊಡಿ ಮ್ಯಾಲ ಮಲಗಿಸ್ಕೊಂಡಿದ್ದೆ. ಕೆಲಸ ಬಿಟ್ರ ಮತ್ತ ಬರಬ್ಯಾಡ ಅಂದಿದ್ರಲ್ಲ ನೀವು..."

ಅಷ್ಟರಲ್ಲಿ ಪುಟ್ಟಿ ಪಂಕ್ತಿಗೆ ಹೋಗಿಬಿಟ್ಟಿತ್ತು.

ವಿರೂಪಾಕ್ಷಮ್ಮ ಓಡಿದಳು. ಗಾಡಿಯವರ ಹಿರಿಯ ದೊಡ್ಡಬಸಪ್ಪ ತುತ್ತು ಮುರಿದು ಬಾಯಿಗೆ ಒಯ್ಯುತ್ತಿದ್ದ. ಆಕೆ ಕಿತ್ತು ಎಸೆದಳು.

"ಯಾರೂ ತಿನಬ್ಯಾಡ್ರಿ! ಬಾಯಾಗಿದ್ದದ್ದು ಉಗುಳ್ರಿ!"

"ತಲಿ ಕೆಟ್ಟೈತೇನವ್ವ ನಿನಗ?" ದೊಡ್ಡಬಸಪ್ಪ ಎದ್ದು ನಿಂತ.

ನಿಜ ಹೇಳಿದರೆ ಖಾನಾವಳಿ ಮುಗಿದಂತೆ. ಹಿಟ್ಟಿನಲ್ಲಿ ಹಲ್ಲಿ ಬಿದ್ದಿತ್ತು ಎಂಬ ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮೂಲೆಯಲ್ಲಿದ್ದ ಗಾಡಿಯವ ಪಕೀರಪ್ಪ ಆಗಲೇ ಅರ್ಧ ರೊಟ್ಟಿ ನುಂಗಿ ಮಿಕಿಮಿಕಿ ನೋಡುತ್ತಿದ್ದ.

"ಹುಲಿಗವ್ವನ ಮಗಳಿಗೆ ಕಾಲರಾ. ರೊಟ್ಟಿಗೆ ಅದರ ಹೊಲಸು ತಾಗೇತಿ," ಎಂದಳು. "ತಪ್ಪು ನಂದು."

ಪಂಕ್ತಿಯೆಲ್ಲ ಒಮ್ಮೆಲೇ ಎದ್ದಿತು. ಬೈಗುಳದ ಸುರಿಮಳೆಯಾಯಿತು. ದೊಡ್ಡಬಸಪ್ಪನೂ ಬಾಯಿಗೆ ಬಂದದ್ದೆಲ್ಲ ಅಂದ. ಅನ್ನುತ್ತಲೇ ಗಾಡಿ ಹೂಡಿ, ಹುಲಿಗವ್ವನ ಮಗಳನ್ನೂ ಪಕೀರಪ್ಪನನ್ನೂ ದವಾಖಾನೆಗೆ ಮುಟ್ಟಿಸಿದ.

ಹುಡುಗಿಗೆ ನರದೊಳಗೆ ಉಪ್ಪುನೀರು ಏರಿಸಿದರು. ಎರಡು ದಿನ ಜೀವ ಹೋಗುತ್ತ ಬರುತ್ತ ಇತ್ತು. ವಿರೂಪಾಕ್ಷಮ್ಮ ದವಾಖಾನೆಯ ಕಟ್ಟೆ ಬಿಟ್ಟು ಕದಲಲಿಲ್ಲ; ಪಕೀರಪ್ಪ ಹೊಟ್ಟೆ ಹಿಡಿದುಕೊಂಡಾಗಲೆಲ್ಲ ಡಾಕ್ಟರನ್ನು ಕೂಗಿ ಕರೆಯುತ್ತಿದ್ದಳು. ಕೊನೆಗೆ ಹುಡುಗಿ ಕಣ್ಣು ತೆರೆದು ನೀರು ಕೇಳಿದಳು. ಪಕೀರಪ್ಪನಿಗೆ ಏನೂ ಆಗಲಿಲ್ಲ.

ಮನೆಗೆ ಬಂದ ವಿರೂಪಾಕ್ಷಮ್ಮ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆಗಳನ್ನೆಲ್ಲ ತೆಗೆದು, ಅಡುಗೆಯಲ್ಲಿ ಕಟ್ಟಿಕೊಳ್ಳಲೆಂದು ತುಂಡು ತುಂಡಾಗಿ ಹರಿದಳು. ಹೊಸ ಬಟ್ಟೆ ಎಲ್ಲೂ ಸಿಗುವಂತಿರಲಿಲ್ಲ.

"ದಿನಕ್ಕ ಎಷ್ಟು ಸಲ ಬದಲಿಸಬೇಕ್ರಿ?" ಹುಲಿಗವ್ವ ಅಂಜುತ್ತ ಕೇಳಿದಳು.

"ಲೆಕ್ಕ ಇಡಬ್ಯಾಡ. ಹೊಲಸಾದಾಗೆಲ್ಲ, ಹೊರಗ ಹೋಗಿ ಬಂದಾಗೆಲ್ಲ ಬದಲಿಸು. ಮನ್ಯಾಗ ಯಾರಿಗರ ಆರಾಮಿಲ್ಲಂದ್ರ ಬರಲೇಬ್ಯಾಡ. ನಿನ್ನ ಕೆಲಸ ಎಲ್ಲಿಗೂ ಹೋಗಂಗಿಲ್ಲ."

ಖಾನಾವಳಿ ಮತ್ತೆ ತೆರೆದ ದಿನ ಉಣ್ಣಲು ಒಬ್ಬರೂ ಬರಲಿಲ್ಲ. ಮಾಡಿದ ರೊಟ್ಟಿಯನ್ನು ಅವರಿಬ್ಬರೇ ಕೂತು ಉಂಡರು.