ತೆರೆದು ನಿಲ್ಲದ ಪುಸ್ತಕ

"ಎಡಕ್ಕೆ ವಾಲಿಸ್ರೋ! ಗೋಡೆಗೆ ತಾಗ್ತದೆ!"

ಕೈರೋದ ಬುಕ್ ಬೈಂಡರುಗಳ ಓಣಿಯ ತಿರುವಿನಲ್ಲಿ, ಎಲ್ಲರೂ ಉಸ್ತಾ, ಅಂದರೆ ಕಸುಬಿನ ಗುರು, ಎಂದು ಕರೆಯುತ್ತಿದ್ದ ದಸೂಕಿಯವರ ಹೆಣದ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಆ ಓಣಿ ಎಷ್ಟು ಇಕ್ಕಟ್ಟೆಂದರೆ ಎದುರುಬದುರಾದ ಬೆಕ್ಕುಗಳಲ್ಲಿ ಒಂದು ಗೋಡೆ ಹತ್ತಲೇಬೇಕು. ಮುಂದುಗಡೆ ಹೆಗಲು ಕೊಟ್ಟಿದ್ದ ಶಿಷ್ಯ ಬೈಯೂಮಿಗೆ ಭಾರಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

"ಹೋಗೋಕೆ ಮನಸ್ಸೇ ಇಲ್ಲ ನೋಡು ಇವರಿಗೆ," ಎಂದ ಹಿಂದಿನಿಂದ ಚರ್ಮದ ವ್ಯಾಪಾರಿ ಖಲಫ್.

"ಹಂಗಾದ್ರೆ ಇದ್ದು, 'ಬೈಯೂಮಿ, ನಿನ್ನ ಹೊಲಿಗೆ ಸರಿಯಾಗಿದೆ' ಅಂತ ಒಂದು ಮಾತು ಹೇಳಿ ಹೋಗಬೇಕಿತ್ತು. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ, ಖಲಫಣ್ಣ!"

"ಹೆಣದ ಜೊತೆ ಜಗಳ ಆಡ್ಬೇಡ್ವೋ. ಎತ್ತು, ಎತ್ತು!"

*

ಬೈಯೂಮಿ ಮೊದಲು ಮಿನಿಬಸ್ ಓಡಿಸುತ್ತಿದ್ದವ. ಬೆನ್ನು ಕೈಕೊಟ್ಟ ಮೇಲೆ, ತಲೆ ನೆರೆಯುವ ವಯಸ್ಸಿನಲ್ಲಿ, ಈ ಕೆಲಸಕ್ಕೆ ಬಂದ. ಹಾಳೆ ಮಡಿಸುವುದು, ಮೂಳೆಯ ಪಟ್ಟಿಯಿಂದ ಮಡಿಕೆ ಉಜ್ಜುವುದು, ದಾರಕ್ಕೆ ಮೇಣ ಸವರುವುದು, ಅಂಟನ್ನು ಗಂಟಾಗದಂತೆ ಕಾಯಿಸುವುದು, ಎಲ್ಲ ಕಲಿತ. ಹೊಲಿಗೆಯಲ್ಲಿ ಮಾತ್ರ ಸೋತ. ಹೊಲಿದದ್ದನ್ನು ಉಸ್ತಾ ಹಲಗೆಯ ಮೇಲಿಟ್ಟು, ನಡುವೆ ಬಿಡಿಸಿ, ಕೈ ತೆಗೆಯುತ್ತಿದ್ದರು. ಹದವಾಗಿ ಹೊಲಿದ ಪುಸ್ತಕ ಹಬ್ಬದೂಟ ಹೊಡೆದ ಮಾವನಂತೆ ಅಂಗಾತ ಬಿದ್ದಿರಬೇಕು. ಬೈಯೂಮಿಯದು ಮೊಸಳೆಯ ಬಾಯಿಯಂತೆ ಫಟ್ಟೆಂದು ಮುಚ್ಚಿಕೊಳ್ಳುತ್ತಿತ್ತು.

"ದಾರ ಕಣೋ ಅದು, ಹ್ಯಾಂಡ್‌ಬ್ರೇಕ್ ಅಲ್ಲ. ಹಂಗೆ ಜಗ್ಗಿದ್ರೆ ಹಾಳೆ ಉಸಿರಾಡೋದು ಹ್ಯಾಗೋ, ಡ್ರೈವರಪ್ಪ?"

"ಈ ಸಲ ಸಡಿಲ ಬಿಟ್ಟಿದ್ದೆ ಉಸ್ತಾ!"

ಚಾಕು ಬರುತ್ತಿತ್ತು. ದಾರ ತುಂಡಾಗುತ್ತಿತ್ತು. "ಮತ್ತೆ ಹೊಲಿ."

ಹಾಗೆ ತುಂಡಾದ ದಾರವನ್ನೆಲ್ಲ ಗಂಟು ಹಾಕಿದ್ದರೆ ನೈಲ್ ನದಿಯನ್ನೇ ಪಿರಮಿಡ್ಡಿಗೆ ಕಟ್ಟಿಹಾಕಬಹುದಿತ್ತು. ಸುಳ್ಳೆನ್ನುವವರು ಬಂದು ಅಂಗಡಿಯ ಮೂಲೆಯ ರಾಶಿ ನೋಡಲಿ.

*

ಸಂಜೆ ಓಣಿಯಲ್ಲಿ ಶಾಮಿಯಾನ ಎದ್ದಿತು. ಸಕ್ಕರೆಯಿಲ್ಲದ ಕಾಫಿ ಬಂತು. ಸತ್ತವರಿಗಾಗಿ ಒಬ್ಬೊಬ್ಬರು ಒಂದೊಂದು ಭಾಗ ಓದಿ ಮುಗಿಸಲೆಂದು ಕುರಾನಿನ ಮೂವತ್ತು ಭಾಗಗಳ ಪೆಟ್ಟಿಗೆಯೂ ಬಂತು. ಉಸ್ತಾ ತಮ್ಮ ಸಾವಿಗೆಂದೇ ಸಿದ್ಧಮಾಡಿಟ್ಟುಕೊಂಡದ್ದು ಅದು. ಅವರ ಹೆಂಡತಿ ನಗಾತ್ ಬಾಗಿಲಿಗೆ ಬಂದು ಒಂದು ಭಾಗವನ್ನು ಬೈಯೂಮಿಯ ಕೈಗಿತ್ತರು.

"ಇದನ್ನ ನಿಂಗೇ ಕೊಡ್ಬೇಕು ಅಂದಿದ್ರಪ್ಪ."

ಬೈಯೂಮಿಯ ಎದೆ ಶಾಮಿಯಾನದಷ್ಟು ಉಬ್ಬಿತು. ಮೇಜಿನ ಮೇಲಿಟ್ಟು ತೆರೆದು, ಕೈ ತೆಗೆದ. ಫಟ್!

ಸುತ್ತಲಿನವರ ಪುಸ್ತಕಗಳೆಲ್ಲ ಅಂಗಾತ ಬಿದ್ದಿದ್ದವು. ಮಡಿಕೆಯೊಳಗೆ ಇಣುಕಿದ. ಬಿಗಿದು ಬಿಗಿದು ಹಾಕಿದ ಹೊಲಿಗೆ. ತನ್ನದೇ.

"ಅಮ್ಮಾ, ಎಲ್ಲಾನೂ ಕತ್ತರಿಸಿದವರು ಇದನ್ಯಾಕೆ ಬಿಟ್ರು? ಮೆಚ್ಚಿ ಇಟ್ರಾ, ಅಣಕಿಸೋಕೆ ಇಟ್ರಾ?"

ನಗಾತ್ ಕಣ್ಣೊರೆಸಿಕೊಂಡರು. "ನನ್ನ ಅಡುಗೆ ಚೆನ್ನಾಗಿದೆ ಅಂತಾನೂ ಒಂದಿನ ಅಂದವರಲ್ಲ ಅವರು. ತಟ್ಟೆ ಖಾಲಿ ಮಾಡಿ ಏಳ್ತಿದ್ರು, ಅಷ್ಟೆ."

ಹೆಬ್ಬೆರಳಿನಿಂದ ಪುಟ ಅದುಮಿಕೊಂಡೇ ಬೈಯೂಮಿ ಕೊನೆಯವರೆಗೆ ಓದಿದ. ಉಗುರು ಬೆಳ್ಳಗಾಯಿತು.

"ಏನೋ, ಪುಸ್ತಕ ಓಡಿಹೋಗ್ತದೇನೋ?" ಎಂದು ಖಲಫ್ ಪಿಸುಗುಟ್ಟಿದ.

ಬೈಯೂಮಿ ಪುಸ್ತಕ ಎತ್ತಿಕೊಂಡು ಎದ್ದು, ಪಕ್ಕದಲ್ಲೇ ಇದ್ದ ಅಂಗಡಿಯ ಬಾಗಿಲು ತೆಗೆದ. ಉಸ್ತಾರ ಚಾಕು ಹಲಗೆಯ ಮೇಲೇ ಇತ್ತು. ರಟ್ಟು ಬಿಡಿಸಿದ. ಹೊಲಿಗೆಗೆ ಚಾಕು ಹಾಕಿದ. ತುಂಡಾದ ದಾರ ಮೂಲೆಯ ರಾಶಿಯ ಮೇಲೆ ಬಿತ್ತು.

"ಮತ್ತೆ ಹೊಲಿ," ಎಂದು ತನ್ನನ್ನು ತಾನೇ ಗದರಿಕೊಂಡು, ಹೊಸ ದಾರಕ್ಕೆ ಮೇಣ ಸವರತೊಡಗಿದ.