ಗಾಜಿನ ಪೆಟ್ಟಿಗೆಯ ಬೀಗದ ಕೈಗಳು

ಸಂಸ್ಥೆ ಬೆಳೆಯಿತಂತೆ! ಬೆಳೆಯಲಿ, ಬೇಡ ಅಂದವರು ಯಾರು? ಹನ್ನೆರಡು ವರ್ಷದ ಹಿಂದೆ ಕಾರ್ ಶೆಡ್ಡಿನಲ್ಲಿ ಶುರುವಾದಾಗ ಇದ್ದವರು ಇಬ್ಬರೇ: ಈ ದಾದಿ, ಮತ್ತು ಅವಳು ಬಾಯ್ತುಂಬ ‘ಅಕ್ಕ’ ಎನ್ನುತ್ತಿದ್ದ ಯಜಮಾನಿ. ಮಕ್ಕಳು ದುಡಿಯಲು ಹೋದ ಮನೆಗಳಲ್ಲಿ, ಎದ್ದು ಬಾಗಿಲು ತೆಗೆಯಲಾಗದ ಮುದುಕರಿಗೆ ಉಣಿಸಿ, ಬಟ್ಟೆ ಬದಲಿಸಿ ಬರುವುದು ಕೆಲಸ. ಅದಕ್ಕೇ ಪ್ರತಿ ಮನೆಯವರೂ ಒಂದೊಂದು ಬೀಗದ ಕೈ ಕೊಟ್ಟಿದ್ದರು. ದಾದಿಯೇ ಹಲಗೆಗೆ ಮೊಳೆ ಹೊಡೆದು, ಮನೆ ನಂಬರಿನ ಚೀಟಿ ಕಟ್ಟಿ, ಅವನ್ನು ನೇತುಹಾಕಿದ್ದಳು.

ಈಗ ಮೂರಂತಸ್ತಿನ ಕಟ್ಟಡ, ಅಕ್ಕ ಹೋಗಿ ಮೇಡಂ ಆಗಿದ್ದಾಳೆ. ಉದ್ಘಾಟನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ದಾದಿ ಬಂದು ನೋಡಿದರೆ ಹಲಗೆಯೇ ಮಾಯ! ಹುಡುಕಿದರೆ, ಮುಂದಿನ ಹಾಲ್‌ನಲ್ಲಿ, ಬೀಗ ಹಾಕಿದ ಗಾಜಿನ ಪೆಟ್ಟಿಗೆಯೊಳಗೆ ಮಿಂಚುತ್ತಿದೆ. ಕೆಳಗೆ ಚಿನ್ನದ ಅಕ್ಷರ: ‘ನಂಬಿಕೆಯೇ ನಮ್ಮ ಬುನಾದಿ’. ಥೂ!

“ಮೇಡಂ, ಮೂರನೇ ಬೀದಿ ಅಜ್ಜಿ ಮನೆ ಕೀ ಇದರೊಳಗಿದೆ. ಮಗಳು ಬೇಕರಿ ಕೆಲಸಕ್ಕೆ ಹೋಗಿದ್ದಾಳೆ, ಫೋನ್ ಎತ್ತಲ್ಲ. ಅಜ್ಜಿಗೆ ಬೆಳಿಗ್ಗೆ ಸಕ್ಕರೆ ಕಾಯಿಲೆ ಇಂಜೆಕ್ಷನ್ ಆಗಿದೆ, ಹೊತ್ತಿಗೆ ಸರಿಯಾಗಿ ಊಟ ಬೀಳ್ಲೇಬೇಕು.”

“ಅತಿಥಿಗಳು ನೋಡೋವರೆಗೂ ಮುಟ್ಟಬೇಡ ಕಣೇ. ಒಂದು ಗಂಟೆ ತಡವಾದ್ರೆ ಏನಾಗುತ್ತೆ? ಮುದುಕರಿಗೆ ಕಾಯೋದು ಅಭ್ಯಾಸ.”

ಶೆಡ್ಡಿನಲ್ಲಿ “ನಿನ್ನ ಊಟ ಆಮೇಲೆ, ಮೊದಲು ಓಡು” ಎನ್ನುತ್ತಿದ್ದದ್ದು ಇದೇ ಬಾಯಲ್ಲವೇ? ಹತ್ತಿದ ಏಣಿ ಒದೆಯುವವರನ್ನು ದಾದಿ ಕಂಡಿದ್ದಳು. ಒದ್ದ ಏಣಿಗೆ ಗಾಜು ಹಾಕಿ ಮೆರೆಸುವವರನ್ನು ಇವತ್ತೇ ಕಂಡದ್ದು.

ಹನ್ನೆರಡೂವರೆ ಆಯಿತು. ಅತಿಥಿಯ ಸುಳಿವಿಲ್ಲ. ದಾದಿ ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಸಿಲಿಂಡರ್ ತೆಗೆದು ಗಾಜಿಗೆ ಬೀಸಿದಳು. “ತಲೆ ಕೆಟ್ಟಿದೆಯಾ ನಿಂಗೆ?” ಎಂದು ಮೇಡಂ ಕಿರುಚಿದಳು. ಗಾಜಿನ ಹೊಳಪಿನಲ್ಲಿ ಕಂಡಿರಲಿಲ್ಲ, ಹಲಗೆ ಕೈಗೆತ್ತಿಕೊಂಡು ನೋಡಿದರೆ, ಅಯ್ಯೋ ಕರ್ಮವೇ, ಚೀಟಿಗಳೇ ಇಲ್ಲ! ಕೊಳಕಾಗಿವೆಯೆಂದು ಕಿತ್ತೆಸೆದು, ಎಲ್ಲಕ್ಕೂ ಚಿನ್ನದ ಬಣ್ಣ ಬಳಿದಿದ್ದರು. ನಲವತ್ತು ಬೀಗದ ಕೈ, ಎಲ್ಲ ಒಂದೇ ಥರ. ದಾದಿ ಹಲಗೆಯನ್ನೇ ಕಂಕುಳಿಗೆ ಸಿಕ್ಕಿಸಿಕೊಂಡು ಓಡಿದಳು.

ಬಾಗಿಲಲ್ಲಿ ಒಂದೊಂದನ್ನೇ ತೂರಿಸಿದಳು. “ಅಜ್ಜೀ, ಬಂದೆ!” ಎಂದರೆ ಮೊದಲು “ಹ್ಞೂಂ” ಬಂತು, ಆಮೇಲೆ ಅದೂ ಇಲ್ಲ. ಮೂವತ್ತೊಂದನೆಯದು ತಿರುಗಿತು.

ಅಜ್ಜಿ ಬೆವರಿನಲ್ಲಿ ತೊಯ್ದು ಒಂದು ಕಡೆ ವಾಲಿದ್ದಳು. ದಾದಿ ತಲೆ ಎತ್ತಿ ಹಿಡಿದು ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದಳು. ಬಹಳ ಹೊತ್ತಿನ ಮೇಲೆ ಅಜ್ಜಿ ಕಣ್ಣು ಬಿಟ್ಟು, “ಬರ್ತೀಯಾ ಅಂತ ಗೊತ್ತಿತ್ತು ಬಿಡು” ಎಂದಳು. ದಾದಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಷ್ಟರಲ್ಲಿ ಮೇಡಂ ಫೋನ್. “ಅತಿಥಿ ಬಂದ್ರು. ಹಲಗೆ ತಗೊಂಡು ಬೇಗ ಬಾ!”

“ಅಜ್ಜಿ ಹೇಗಿದ್ದಾರೆ ಅಂತ ಕೇಳಲ್ವಾ, ಅಕ್ಕಾ?”

“ಯಾವ ಅಜ್ಜಿ?”

ದಾದಿ ಫೋನ್ ಕೆಳಗಿಟ್ಟು, ಅಜ್ಜಿಗೆ ಇನ್ನೊಂದು ಚಮಚ ಕುಡಿಸಿದಳು.